ಆರು ಸೆಮ್ ಮುಗಿದರೂ ಡಿಗ್ರಿ ಯಾಕೆ ಕೈಗೆ ಬರುವುದಿಲ್ಲ?

ಒಂದು ಮನೆ, ಮೂವರು ಮಕ್ಕಳು ಅಂತ ಇಟ್ಟುಕೊಳ್ಳಿ. ದೊಡ್ಡವನು 2020ರಲ್ಲಿ ಬಿ.ಎ.ಗೆ ಸೇರಿದ. ನಡುವಿನವಳು 2022ರಲ್ಲಿ, ಚಿಕ್ಕವನು 2024ರಲ್ಲಿ. ಊರು ಅದೇ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅದೇ, ವಿಶ್ವವಿದ್ಯಾಲಯವೂ ಅದೇ. ಆದರೆ ಮೂವರ ಅಂಕಪಟ್ಟಿ ಪಕ್ಕಪಕ್ಕ ಇಟ್ಟರೆ ಒಂದೇ ಕೋರ್ಸ್ ಓದಿದವರು ಅನ್ನಿಸುವುದೇ ಇಲ್ಲ. ಅಣ್ಣನಿಗೆ ಮೂರು ಐಚ್ಛಿಕ ವಿಷಯ. ಅಕ್ಕನಿಗೆ ಎರಡೇ, ಜೊತೆಗೆ ಓಪನ್ ಎಲೆಕ್ಟಿವ್, ಕೌಶಲದ ಪೇಪರ್ ಅಂತೆಲ್ಲ ಹೊಸ ಹೆಸರುಗಳು. ತಮ್ಮನಿಗೆ ಮತ್ತೆ ಮೂರು.

‘ಅಕ್ಕನಿಗೆ ಹಾಗಿತ್ತಲ್ಲ, ನಿನಗೆ ಯಾಕೆ ಹೀಗೆ?’ ಅಂತ ಅಪ್ಪ ಕೇಳಿದರೆ ಮಗನ ಹತ್ತಿರ ಉತ್ತರ ಇರುವುದಿಲ್ಲ. ಅವನು ಸೇರಿದ ಬ್ಯಾಚ್‌ನ ಆರನೇ ಸೆಮಿಸ್ಟರ್ ಬರುವುದು 2027ರಲ್ಲಿ. ಅಷ್ಟರೊಳಗೆ ಡಿಗ್ರಿ ಅನ್ನುವುದು ಯಾವ ಲೆಕ್ಕದಲ್ಲಿ ಮುಗಿಯುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಯಾಕೆಂದರೆ ಮೂರು ವರ್ಷ ಕಾಲೇಜಿಗೆ ಹೋಗುವುದು ಒಂದು, ಡಿಗ್ರಿಗೆ ಬೇಕಾದ್ದನ್ನೆಲ್ಲ ಪೂರೈಸುವುದು ಇನ್ನೊಂದು.

ನಿಮ್ಮದು ಯಾವ ಬ್ಯಾಚ್?

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದೇ. ನಿಮಗೆ ಅನ್ವಯ ಆಗುವುದು ನೀವು ಸೇರಿದ ವರ್ಷದ ನಿಯಮ, ಮುಗಿಸುವ ವರ್ಷದ್ದಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2020ರ ಜುಲೈನಲ್ಲಿ. ಕರ್ನಾಟಕ ಅದನ್ನು 2021-22ರಿಂದಲೇ ಡಿಗ್ರಿ ಕಾಲೇಜುಗಳಿಗೆ ತಂದಿತು. ನಾಲ್ಕು ವರ್ಷದ ಆನರ್ಸ್ ಡಿಗ್ರಿ, ನಡುವೆ ಬೇಕಾದಲ್ಲಿ ಹೊರಗೆ ಹೋಗುವ ಅವಕಾಶ, ಎರಡು ಮುಖ್ಯ ವಿಷಯ, ಇವೆಲ್ಲ ಆಗ ಬಂದವು. ಎಲ್ಲರೂ ಎನ್‌ಇಪಿ ಅಂತ ಕರೆಯುವುದು ಇದನ್ನೇ.

2023ರಲ್ಲಿ ಸರ್ಕಾರ ಬದಲಾಯಿತು. ರಾಜ್ಯಕ್ಕೇ ಪ್ರತ್ಯೇಕ ಶಿಕ್ಷಣ ನೀತಿ ಬೇಕು ಅಂತ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆ ಆಯಿತು. ಆಯೋಗದ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು. 2024-25ರಲ್ಲಿ ಸೇರುವವರಿಗೆ ಮತ್ತೆ ಮೂರು ವರ್ಷದ ಡಿಗ್ರಿ, ಮತ್ತೆ ಮೂರು ಐಚ್ಛಿಕ ವಿಷಯ. ಇದು ಎಸ್‌ಇಪಿ. ಆಗಲೇ ಎನ್‌ಇಪಿಯಲ್ಲಿ ಓದುತ್ತಿದ್ದ ಮೂರು ಬ್ಯಾಚ್‌ಗಳು ಅದರಲ್ಲೇ ಮುಂದುವರಿದವು.

ಹಾಗಾಗಿ ಸೀನಿಯರ್ ಹೇಳಿದ ಮಾತು ನಿಮ್ಮ ಪಾಲಿಗೆ ತಪ್ಪಾಗಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಬ್ಯಾಚ್‌ನ ಸತ್ಯ ಹೇಳುತ್ತಿದ್ದಾರೆ, ಅಷ್ಟೇ.

ಕ್ರೆಡಿಟ್ ಅಂದರೆ ಅಂಕ ಅಲ್ಲ

ಕ್ರೆಡಿಟ್ ಅನ್ನುವ ಪದವೇ ಅರ್ಧ ಗೊಂದಲಕ್ಕೆ ಕಾರಣ. ಬ್ಯಾಂಕಿನ ಸಾಲ ನೆನಪಾಗುತ್ತದೆ, ಇಲ್ಲವೇ ಶಹಬ್ಬಾಸ್‌ಗಿರಿ. ಇಲ್ಲಿ ಎರಡೂ ಅಲ್ಲ. ಒಂದು ಪೇಪರ್ ಎಷ್ಟು ದೊಡ್ಡದು ಅಂತ ಅಳೆಯುವ ಸೇರು ಅದು.

ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆ ಪಾಠ ಸೇರಿದರೆ ಒಂದು ಕ್ರೆಡಿಟ್. ವಾರಕ್ಕೆ ಒಂದು ಗಂಟೆಯಂತೆ 15 ವಾರ. ಮೂರು ಕ್ರೆಡಿಟ್‌ನ ಪೇಪರ್ ಅಂದರೆ ವಾರಕ್ಕೆ ಮೂರು ಗಂಟೆ, ಒಟ್ಟು 45 ಗಂಟೆ. ಲ್ಯಾಬ್‌ಗೆ ಲೆಕ್ಕ ಬೇರೆ. ಅಲ್ಲಿ 30 ಗಂಟೆ ಕೆಲಸಕ್ಕೆ ಒಂದು ಕ್ರೆಡಿಟ್. ಎರಡು ಗಂಟೆ ಪ್ರ್ಯಾಕ್ಟಿಕಲ್ ಒಂದು ಗಂಟೆ ಪಾಠಕ್ಕೆ ಸಮ ಅಂತ ಲೆಕ್ಕ. ಬಿ.ಎಸ್ಸಿ. ಮಕ್ಕಳು ಸಂಜೆವರೆಗೂ ಲ್ಯಾಬ್‌ನಲ್ಲಿದ್ದರೂ ಕ್ರೆಡಿಟ್ ಅಷ್ಟೇನೂ ಜಾಸ್ತಿ ಕಾಣದಿರುವುದು ಇದರಿಂದಲೇ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಒಂದು ಪೇಪರ್‌ನಲ್ಲಿ 95 ತೆಗೆದವಳಿಗೂ 42 ತೆಗೆದವನಿಗೂ ಸಿಗುವ ಕ್ರೆಡಿಟ್ ಒಂದೇ. ಪಾಸಾದರೆ ಪೂರ್ತಿ ಕ್ರೆಡಿಟ್, ಫೇಲಾದರೆ ಸೊನ್ನೆ. ಅರ್ಧ ಅನ್ನುವುದಿಲ್ಲ. ಚೆನ್ನಾಗಿ ಓದಿದ್ದಕ್ಕೆ ಬೆಲೆ ಸಿಗುವುದು ಗ್ರೇಡ್‌ನಲ್ಲಿ. ಅದಕ್ಕೆ ಆಮೇಲೆ ಬರೋಣ.

ಒಟ್ಟು ತುಂಬಿದರೆ ಸಾಲದು

ಮೂರು ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160 ಅನ್ನುತ್ತದೆ 2022ರ ಡಿಸೆಂಬರ್‌ನಲ್ಲಿ ಬಂದ ಯುಜಿಸಿ ಚೌಕಟ್ಟು. ಇದು ಕನಿಷ್ಠ. ವಿಶ್ವವಿದ್ಯಾಲಯಗಳು ಇದಕ್ಕಿಂತ ಹೆಚ್ಚು ಇಡಬಹುದು, ಇಟ್ಟಿವೆ ಕೂಡ. ನಿಮ್ಮ ಕೋರ್ಸ್‌ನ ಸರಿಯಾದ ಸಂಖ್ಯೆ ಸಿಗುವುದು ಸಿಲಬಸ್ ಪುಸ್ತಕದ ಮೊದಲ ಪುಟಗಳಲ್ಲಿರುವ ಕೋಷ್ಟಕದಲ್ಲಿ. ಆ ಪುಟಗಳನ್ನು ಯಾರೂ ಓದುವುದಿಲ್ಲ, ನೇರ ಪಾಠದ ಪಟ್ಟಿಗೆ ಹೋಗಿಬಿಡುತ್ತಾರೆ.

ಆದರೆ 120 ಸೇರಿಸಿದರೆ ಮುಗಿಯಲಿಲ್ಲ. ಊಟದ ಎಲೆ ನೆನಪಿಸಿಕೊಳ್ಳಿ. ಎಲೆ ತುಂಬ ಬರೀ ಅನ್ನ ಬಡಿಸಿದರೆ ಹೊಟ್ಟೆ ತುಂಬಬಹುದು, ಊಟ ಅನ್ನಿಸಿಕೊಳ್ಳುವುದಿಲ್ಲ. ಉಪ್ಪಿನಕಾಯಿಗೆ ಒಂದು ಜಾಗ, ಪಲ್ಯಕ್ಕೆ ಒಂದು, ಸಾರಿಗೆ ಒಂದು. ಒಂದರ ಜಾಗ ಇನ್ನೊಂದು ತುಂಬುವುದಿಲ್ಲ. ಡಿಗ್ರಿಯೂ ಹಾಗೆಯೇ.

ಯುಜಿಸಿ ಎಲೆಯಲ್ಲಿ 120 ಹೀಗೆ ಹಂಚಿಕೆ ಆಗುತ್ತದೆ. ಮುಖ್ಯ ವಿಷಯಕ್ಕೆ 60, ಅಂದರೆ ಅರ್ಧಕ್ಕೆ ಅರ್ಧ. ಅದರ ಪಕ್ಕದ ಉಪವಿಷಯಕ್ಕೆ 24. ಬೇರೆ ವಿಭಾಗದ ವಿಷಯಗಳಿಗೆ 9, ಭಾಷೆಗೆ 8, ಕೌಶಲಕ್ಕೆ 9. ಪರಿಸರ, ಸಂವಿಧಾನದಂಥ ಸಾಮಾನ್ಯ ತಿಳಿವಳಿಕೆಯ ಪೇಪರ್‌ಗಳಿಗೆ 6ರಿಂದ 8. ಇಂಟರ್ನ್‌ಶಿಪ್‌ಗೆ 2ರಿಂದ 4. ನಮ್ಮ ರಾಜ್ಯದ ಎಲೆಯಲ್ಲಿ ಬಡಿಸುವ ಕ್ರಮ ಬೇರೆ. ಎರಡು ಭಾಷೆಗಳಿಗೆ ಜಾಗ ಹೆಚ್ಚು, ಮೂರು ಐಚ್ಛಿಕಗಳು ಸಮನಾಗಿ ಕೂರುತ್ತವೆ. ಆದರೆ ತತ್ವ ಒಂದೇ. ಇತಿಹಾಸದಲ್ಲಿ ಎಷ್ಟೇ ಕ್ರೆಡಿಟ್ ಸಂಪಾದಿಸಿದರೂ ಅದು ಬಾಕಿ ಇರುವ ಇಂಗ್ಲಿಷ್ ಪೇಪರನ್ನು ತೀರಿಸುವುದಿಲ್ಲ.

ಎಡವುವುದು ದೊಡ್ಡ ಪೇಪರ್‌ಗಳಲ್ಲಿ ಅಲ್ಲ. ಎರಡು ಕ್ರೆಡಿಟ್‌ನ ಚಿಕ್ಕ ಪೇಪರ್‌ಗಳಲ್ಲಿ. ‘ಅದು ಲೆಕ್ಕಕ್ಕಿಲ್ಲ ಬಿಡೋ’ ಅಂತ ಯಾರೋ ಹೇಳಿರುತ್ತಾರೆ. ಪರಿಸರ ಅಧ್ಯಯನವನ್ನೇ ನೋಡಿ. ಅದು ಸುಮ್ನೆ ಸೇರಿಕೊಂಡ ಪೇಪರ್ ಅಲ್ಲ. ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಬಲ ಅದರ ಹಿಂದಿದೆ. ವಿಜ್ಞಾನದವರಿರಲಿ, ವಾಣಿಜ್ಯದವರಿರಲಿ, ಡಿಗ್ರಿ ಓದುವ ಎಲ್ಲರೂ ಪರಿಸರದ ಪಾಠ ಕಲಿಯುತ್ತಿರುವುದು ಅದರ ಫಲ. ಗ್ರೇಡ್ ಲೆಕ್ಕಕ್ಕೆ ಸೇರದ ಪೇಪರ್ ಕೂಡ ಕಡ್ಡಾಯ ಆಗಿರಬಹುದು. ಲೆಕ್ಕಕ್ಕೆ ಸೇರದಿರುವುದು ಬೇರೆ, ಬೇಡದಿರುವುದು ಬೇರೆ.

ನಡುವೆ ಕಾಲೇಜು ಬದಲಿಸಿದವರು, ಐಚ್ಛಿಕ ವಿಷಯ ಬದಲಿಸಿದವರು, ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಇನ್ನೂ ಹೆಚ್ಚು ಎಚ್ಚರ ಇರಬೇಕು. ಹಿಂದಿನ ಕಡೆ ಓದದೇ ಇದ್ದ, ಇಲ್ಲಿ ಮೊದಲ ವರ್ಷದಲ್ಲೇ ಇದ್ದ ಒಂದು ಪೇಪರ್ ಹಾಗೇ ಖಾಲಿ ಉಳಿದಿರುತ್ತದೆ. ಮುಂದಿನ ಸೆಮಿಸ್ಟರ್‌ಗಳೆಲ್ಲ ಪಾಸ್, ಪಾಸ್ ಅಂತ ಬರುತ್ತಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಫೇಲ್ ಆದರೆ ಕೆಂಪು ಗುರುತು ಇರುತ್ತದೆ. ಬರೆಯದೇ ಬಿಟ್ಟ ಪೇಪರ್‌ಗೆ ಗುರುತೂ ಇಲ್ಲ.

ಪಾಸ್ ಆಗಲು ಎರಡು ಬಾಗಿಲು

‘ನಂಗೆ 44 ಬಂದಿದೆ, ಆದ್ರೂ ಫೇಲ್ ಅಂತಿದೆ’ ಅನ್ನುವ ಗೋಳು ಪ್ರತಿ ಫಲಿತಾಂಶದ ದಿನವೂ ಕೇಳಿಸುತ್ತದೆ. ಕಂಪ್ಯೂಟರ್ ತಪ್ಪಲ್ಲ ಅದು.

ಒಂದು ಪೇಪರ್‌ನ ಅಂಕ ಎರಡು ಕಡೆಯಿಂದ ಬರುತ್ತದೆ. ಕಾಲೇಜಿನೊಳಗಿನ ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಸೇರಿದ್ದು ಆಂತರಿಕ ಅಂಕ. ಹುಡುಗರ ಬಾಯಲ್ಲಿ ಐಎ ಅಥವಾ ಇಂಟರ್ನಲ್ಸ್. ವಿಶ್ವವಿದ್ಯಾಲಯ ನಡೆಸುವ ಸೆಮಿಸ್ಟರ್ ಕೊನೆಯ ಪರೀಕ್ಷೆಯದ್ದು ಇನ್ನೊಂದು. ಉದಾಹರಣೆಗೆ ಪರೀಕ್ಷೆಗೆ 80, ಆಂತರಿಕಕ್ಕೆ 20 ಅಂತ ಇಟ್ಟುಕೊಳ್ಳಿ. ನಿಯಮ ಹೀಗಿದೆ ಅನ್ನೋಣ: ಪರೀಕ್ಷೆಯಲ್ಲೇ ಶೇ 35 ಬರಬೇಕು, ಎರಡೂ ಸೇರಿ ಶೇ 40 ಬರಬೇಕು.

80ರಲ್ಲಿ ಶೇ 35 ಅಂದರೆ 28. ಒಬ್ಬನಿಗೆ ಆಂತರಿಕ 18, ಪರೀಕ್ಷೆಯಲ್ಲಿ 26. ಒಟ್ಟು 44. ನಲವತ್ತು ದಾಟಿದ. ಆದರೆ ಪರೀಕ್ಷೆಯ 28 ದಾಟಲಿಲ್ಲ. ಫೇಲ್. ಇನ್ನೊಬ್ಬಳಿಗೆ ಪರೀಕ್ಷೆಯಲ್ಲಿ ಸರಿಯಾಗಿ 28, ಆಂತರಿಕ 8. ಒಟ್ಟು 36. ಅವಳೂ ಫೇಲ್, ಆದರೆ ಕಾರಣ ಬೇರೆ. ಎರಡು ಬಾಗಿಲು ಇವೆ, ಎರಡನ್ನೂ ದಾಟಬೇಕು. 80ಕ್ಕೆ 20 ಇರಲಿ, 60ಕ್ಕೆ 40 ಇರಲಿ, ಲೆಕ್ಕ ಹಾಕುವ ರೀತಿ ಇದೇ. ಕಟ್ಆಫ್ ಮಾತ್ರ ವಿಶ್ವವಿದ್ಯಾಲಯದ ನಿಯಮ ನೋಡಿ ಹಾಕಿಕೊಳ್ಳಬೇಕು.

ಎರಡನೆಯವಳ ಪಾಡು ಸ್ವಲ್ಪ ಕಷ್ಟ. ಮತ್ತೆ ಪರೀಕ್ಷೆ ಬರೆಯುವಾಗ ಸಾಮಾನ್ಯವಾಗಿ ಹಳೆಯ ಆಂತರಿಕ ಅಂಕವೇ ಮುಂದುವರಿಯುತ್ತದೆ. ಆ 8 ಅಲ್ಲೇ ಕೂತಿರುತ್ತದೆ. ಒಟ್ಟು 40 ಆಗಬೇಕಾದರೆ ಪರೀಕ್ಷೆಯಲ್ಲಿ 28 ಸಾಲದು, 32 ಬೇಕು. ಟೆಸ್ಟಿನ ದಿನ ಕ್ಯಾಂಟೀನ್‌ನಲ್ಲಿ ಕೂತವರು ಮೂರು ವರ್ಷ ಆದ ಮೇಲೂ ಅದರ ಬಡ್ಡಿ ಕಟ್ಟುತ್ತಾರೆ.

ಉತ್ತರಪತ್ರಿಕೆ ಮೇಲೆ ಅನುಮಾನ ಇದ್ದರೆ ದಾರಿಗಳಿವೆ. ನಕಲು ಪ್ರತಿ ಕೇಳಬಹುದು, ಮರು ಎಣಿಕೆ ಕೇಳಬಹುದು, ಮರುಮೌಲ್ಯಮಾಪನ ಕೇಳಬಹುದು. ಮರು ಎಣಿಕೆಯಲ್ಲಿ ಕೂಡಿದ್ದು ಸರಿಯಿದೆಯಾ ಅಂತ ಮಾತ್ರ ನೋಡುತ್ತಾರೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬರು ಮತ್ತೆ ಓದುತ್ತಾರೆ. ಎಲ್ಲಕ್ಕೂ ಶುಲ್ಕ ಇದೆ, ಕೊನೆಯ ದಿನಾಂಕ ಇದೆ.

ಹಾಜರಾತಿ

ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಇದನ್ನು ಒಟ್ಟಾರೆ ಸರಾಸರಿ ಅಂದುಕೊಳ್ಳುವವರು ಬಹಳ. ಪ್ರತಿ ಪೇಪರ್‌ಗೂ ಬೇರೆ ಬೇರೆ ಕೇಳುವುದೇ ರೂಢಿ. 45 ಗಂಟೆಯ ಪೇಪರ್‌ನಲ್ಲಿ 34 ಗಂಟೆ ಕೂತಿರಬೇಕು, ತಪ್ಪಿಸಬಹುದಾದ್ದು ಹನ್ನೊಂದೇ. ಬೆಳಗಿನ ಮೊದಲ ಪೀರಿಯಡ್‌ಗೇ ಸದಾ ಬಸ್ ತಪ್ಪಿಸಿಕೊಳ್ಳುವವರ ಹಾಜರಾತಿ ಅದೊಂದು ವಿಷಯದಲ್ಲಿ ಕುಸಿದಿರುತ್ತದೆ, ಉಳಿದದ್ದೆಲ್ಲ ಸರಿಯಿರುತ್ತದೆ.

ಇದು ಫೇಲ್ ಆಗುವುದಕ್ಕಿಂತ ಕೆಟ್ಟದ್ದು. ಫೇಲ್ ಆದವರು ಪರೀಕ್ಷೆ ಮಾತ್ರ ಮತ್ತೆ ಬರೆದರೆ ಸಾಕು. ಹಾಜರಾತಿ ಕೊರತೆಯಿಂದ ಹಾಲ್ ಟಿಕೆಟ್ ಸಿಗದವರು ಪಾಠಕ್ಕೇ ಮತ್ತೆ ಕೂರಬೇಕಾಗಿ ಬರಬಹುದು.

ಬ್ಯಾಕ್ ಉಳಿದರೆ

ಒಂದು ಪೇಪರ್ ಹೋಯಿತು ಅಂದರೆ ಮುಂದಿನ ಸೆಮಿಸ್ಟರ್‌ಗೆ ಹೋಗಲು ಸಾಮಾನ್ಯವಾಗಿ ತೊಂದರೆ ಇಲ್ಲ. ಬಾಕಿಯನ್ನು ಹೊತ್ತುಕೊಂಡೇ ಮುಂದೆ ಹೋಗಬಹುದು. ಬೆಂಗಳೂರು, ಮೈಸೂರು ಕಡೆ ಇದನ್ನು ಬ್ಯಾಕ್ ಅನ್ನುತ್ತಾರೆ, ಬ್ಯಾಕ್‌ಲಾಗ್ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಟಿಕೆಟಿ ಅನ್ನುವ ಮಾತೂ ಉಂಟು.

ತೊಡಕು ಎರಡು. ಮೊದಲನೆಯದು, ಸೆಮಿಸ್ಟರ್ ಪರೀಕ್ಷೆಗಳು ಹಾವು ಏಣಿ ಆಟದ ಹಾಗೆ. ಮೊದಲನೇ ಸೆಮ್‌ನ ಪೇಪರ್ ಬರೆಯಲು ಮತ್ತೆ ಮೊದಲನೇ ಸೆಮ್‌ನ ಪರೀಕ್ಷೆ ನಡೆಯುವವರೆಗೆ ಕಾಯಬೇಕಾಗಬಹುದು. ಎಷ್ಟೋ ಕಡೆ ವರ್ಷಕ್ಕೊಮ್ಮೆ ಮಾತ್ರ ಆ ಸರದಿ.

ಎರಡನೆಯದು ಸಿಲಬಸ್. ಯೋಜನೆ ಬದಲಾದ ಮೇಲೆ ಹಳೆಯ ಸಿಲಬಸ್‌ನ ಪ್ರಶ್ನೆಪತ್ರಿಕೆಯನ್ನು ವಿಶ್ವವಿದ್ಯಾಲಯ ಎಂದೆಂದಿಗೂ ತಯಾರಿಸುತ್ತಾ ಕೂರುವುದಿಲ್ಲ. ಕೆಲವು ಅವಕಾಶ ಕೊಡುತ್ತದೆ, ಆಮೇಲೆ ಹೊಸ ಯೋಜನೆಯ ಸಮಾನ ಪೇಪರ್ ಬರೆಯಿರಿ ಅನ್ನುತ್ತದೆ. ಎನ್‌ಇಪಿ ಬ್ಯಾಚ್‌ನವರು ಬಾಕಿ ಪೇಪರ್‌ಗಳನ್ನು ಬೇಗ ಮುಗಿಸಿಕೊಳ್ಳಿ ಅಂತ ಹೇಳುವುದು ಇದಕ್ಕೇ. ಡಿಗ್ರಿ ಮುಗಿಸಲು ಗರಿಷ್ಠ ಅವಧಿ ಅಂತಲೂ ಒಂದು ಗಡುವು ಇರುತ್ತದೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಅದು ಏಳು ವರ್ಷ. ನಡುವೆ ಹೊರಗೆ ಹೋಗಿ ಮತ್ತೆ ಬಂದವರಿಗೂ ಸೇರಿಸಿ.

ಸರಾಸರಿ ಮೋಸ ಮಾಡುತ್ತದೆ

ಈಗ ಗ್ರೇಡ್. ಯುಜಿಸಿಯ ಹತ್ತರ ಅಳತೆಯಲ್ಲಿ ‘ಒ’ ಗ್ರೇಡ್‌ಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ಹೀಗೆ ಇಳಿಯುತ್ತಾ ಬರೀ ಪಾಸ್‌ಗೆ 4. ಒಂದು ಸೆಮಿಸ್ಟರ್‌ನ ಸರಾಸರಿ ಎಸ್‌ಜಿಪಿಎ, ಎಲ್ಲ ಸೆಮಿಸ್ಟರ್‌ಗಳದ್ದು ಸಿಜಿಪಿಎ.

ಒಂದು ಸೆಮಿಸ್ಟರ್ ಲೆಕ್ಕ ಹಾಕಿ ನೋಡೋಣ. ಅರ್ಥಶಾಸ್ತ್ರ 4 ಕ್ರೆಡಿಟ್, ಗ್ರೇಡ್ 8. ಇತಿಹಾಸ 4 ಕ್ರೆಡಿಟ್, ಗ್ರೇಡ್ 6. ಕನ್ನಡ 3 ಕ್ರೆಡಿಟ್, ಗ್ರೇಡ್ 9. ಇಂಗ್ಲಿಷ್ 3 ಕ್ರೆಡಿಟ್, ಗ್ರೇಡ್ 7. ಕೌಶಲದ ಪೇಪರ್ 2 ಕ್ರೆಡಿಟ್, ಗ್ರೇಡ್ 10. ಐದನ್ನೂ ಕೂಡಿ ಐದರಿಂದ ಭಾಗಿಸಿದರೆ ಸರಿಯಾಗಿ 8. ಅಂಕಪಟ್ಟಿಯಲ್ಲಿ ಬರುವುದು 7.75. ಯಾಕೆ? ಪ್ರತಿ ಗ್ರೇಡನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಬೇಕು: 32, 24, 27, 21, 20. ಕೂಡಿದರೆ 124. ಅದನ್ನು ಒಟ್ಟು 16 ಕ್ರೆಡಿಟ್‌ನಿಂದ ಭಾಗಿಸಬೇಕು. ಚಿಕ್ಕ ಪೇಪರ್‌ನ ಹತ್ತು, ದೊಡ್ಡ ಪೇಪರ್‌ನ ಆರನ್ನು ಪೂರ್ತಿ ಮುಚ್ಚಲಾರದು.

ಕೆಲಸದ ಅರ್ಜಿಯಲ್ಲಿ ಶೇಕಡಾವಾರು ಕೇಳಿದರೆ ನಿಮ್ಮಷ್ಟಕ್ಕೆ ಹತ್ತರಿಂದ ಗುಣಿಸಿ ಬರೆಯಬೇಡಿ. ಪರಿವರ್ತನೆಯ ಸೂತ್ರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಅಂಕಪಟ್ಟಿಯ ಹಿಂಬದಿ ತಿರುಗಿಸಿ ನೋಡಿ.

ದುಡ್ಡಿಲ್ಲದ ಬ್ಯಾಂಕು

ಎಬಿಸಿ ಐಡಿ ಮಾಡಿಸಿ ಅಂತ ಕಾಲೇಜಿನವರು ಬೆನ್ನು ಹತ್ತುತ್ತಾರೆ. ಅದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. 2021ರ ಜುಲೈನಲ್ಲಿ ಶುರುವಾಯಿತು. ಡಿಜಿಲಾಕರ್ ಮೂಲಕ 12 ಅಂಕಿಯ ಸಂಖ್ಯೆ ಸಿಗುತ್ತದೆ. ಈಗ ಅಪಾರ್ ಐಡಿ ಅಂತಲೂ ಕರೆಯುತ್ತಾರೆ. ನೀವು ಗಳಿಸಿದ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ. ಆದರೆ ಜಮಾ ಮಾಡುವವರು ನೀವಲ್ಲ, ಸಂಸ್ಥೆ. ಆಧಾರ್‌ನಲ್ಲಿ ಒಂದು ಹೆಸರು, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಇದ್ದರೆ ಜೋಡಣೆ ಅಲ್ಲೇ ಕೈಕೊಡುತ್ತದೆ.

ಕಾಲೇಜು ಬದಲಿಸುವಾಗ, ಓದು ನಿಲ್ಲಿಸಿ ಮತ್ತೆ ಶುರು ಮಾಡುವಾಗ ಈ ಖಾತೆ ಉಪಯೋಗಕ್ಕೆ ಬರುತ್ತದೆ. ಕೇಂದ್ರ ಸರ್ಕಾರದ ಸ್ವಯಂ ತಾಣದ ಆನ್‌ಲೈನ್ ಕೋರ್ಸ್‌ಗಳ ಕ್ರೆಡಿಟ್ ಕೂಡ ಸೇರಿಸಬಹುದು. ಒಂದು ಸೆಮಿಸ್ಟರ್‌ನ ಶೇ 40ರವರೆಗೆ ಯುಜಿಸಿ ಅವಕಾಶ ಕೊಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪುತ್ತದಾ ಅಂತ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಬೇಕು, ಮುಗಿಸಿದ ಮೇಲೆ ಅಲ್ಲ.

ಮೂರು ವರ್ಷ ಕಡಿಮೆ ಆಯಿತಾ?

ಚಿಕ್ಕವನಿಗೆ ನಾಲ್ಕನೇ ವರ್ಷ ಇಲ್ಲ, ಅಕ್ಕನಿಗೆ ಇತ್ತು. ಇದರಿಂದ ನಷ್ಟವಾ? ಯುಪಿಎಸ್‌ಸಿಯ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಡಿಗ್ರಿ ಸಾಕು. ಮೂರು ವರ್ಷದ್ದೂ ನಡೆಯುತ್ತದೆ. ಎಂ.ಎ., ಎಂ.ಎಸ್ಸಿ.ಗೂ ಅಡ್ಡಿಯಿಲ್ಲ, ಮೂರು ಓದಿದವರಿಗೆ ಅದು ಎರಡು ವರ್ಷ. ನಾಲ್ಕು ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಕೋರ್ಸ್‌ಗೆ ಯುಜಿಸಿ ದಾರಿ ಮಾಡಿದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ತೆಗೆದವರು ನೇರ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು ಅನ್ನುವುದು 2022ರ ನಿಯಮ. ವ್ಯತ್ಯಾಸ ಹೆಚ್ಚು ತಟ್ಟುವುದು ಹೊರದೇಶಕ್ಕೆ ಹೋಗುವವರಿಗೆ. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ.

ಕೊನೆಯ ಕಾಗದಗಳು

ಆರನೇ ಸೆಮಿಸ್ಟರ್ ಫಲಿತಾಂಶ ಬಂದ ತಕ್ಷಣ ಡಿಗ್ರಿ ಬರುವುದಿಲ್ಲ. ಡಿಗ್ರಿ ಕೊಡುವುದು ಘಟಿಕೋತ್ಸವದಲ್ಲಿ, ಅದು ತಿಂಗಳುಗಟ್ಟಲೆ ದೂರ ಇರಬಹುದು. ಅಲ್ಲಿಯವರೆಗೆ ಕೆಲಸಕ್ಕೆ, ಮುಂದಿನ ಓದಿಗೆ ತೋರಿಸಲು ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಪಡೆಯಬೇಕು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಮೈಗ್ರೇಶನ್ ಪ್ರಮಾಣಪತ್ರವೂ ಬೇಕು. ಇವು ಕಾಲೇಜಿನಲ್ಲಿ ಸಿಗುವುದಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇಬ್ಬರು ಕುಲಸಚಿವರು ಇರುತ್ತಾರೆ. ಆಡಳಿತಕ್ಕೆ ಒಬ್ಬರು, ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಇನ್ನೊಬ್ಬರು. ಅಂಕಪಟ್ಟಿ, ಫಲಿತಾಂಶದ ಕೆಲಸಕ್ಕೆ ಹೋಗಬೇಕಾದ್ದು ಎರಡನೆಯವರ ಕಚೇರಿಗೆ. ಇದು ಗೊತ್ತಿಲ್ಲದೆ ಮೊದಲ ಕಚೇರಿಯ ಕಿಟಕಿಯಲ್ಲಿ ಅರ್ಧ ದಿನ ನಿಂತವರಲ್ಲಿ ನಾನೂ ಒಬ್ಬ.

ಬಾಕಿ ಹುಡುಕಲು ಒಳ್ಳೆಯ ಸಮಯ ಐದನೇ ಸೆಮಿಸ್ಟರ್‌ನ ಶುರು. ನಾಲ್ಕೂ ಅಂಕಪಟ್ಟಿ ಒಂದು ಕಡೆ, ಸಿಲಬಸ್‌ನ ಮೊದಲ ಪುಟದ ಕೋಷ್ಟಕ ಇನ್ನೊಂದು ಕಡೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದರೆ ಅರ್ಧ ಗಂಟೆಯ ಕೆಲಸ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಜಾಲತಾಣದಲ್ಲೇ ಇರುವ ವಿಶ್ವವಿದ್ಯಾಲಯಗಳಲ್ಲಿ ಅದರ ಖಾತೆಯನ್ನೂ ತೆರೆದು ಹೋಲಿಸಿ ನೋಡಬಹುದು. ಖಾಲಿ ಜಾಗ ಕಂಡರೆ ಬಾಯಿಮಾತಿನಲ್ಲಿ ಕೇಳಬೇಡಿ. ಪ್ರಾಂಶುಪಾಲರ ಮೂಲಕ ಅರ್ಜಿ ಬರೆದು, ಸ್ವೀಕೃತಿಯ ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಅದೇ ಅರ್ಧ ಗಂಟೆಯಲ್ಲಿ ಹೆಸರನ್ನೂ ಒಮ್ಮೆ ಓದಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇದ್ದು ಡಿಗ್ರಿ ಅಂಕಪಟ್ಟಿಯಲ್ಲಿ ಮುಂದೆ ಬಂದಿದ್ದರೆ, ಅಮ್ಮನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಆಗಿದ್ದರೆ, ತಿದ್ದಿಸುವುದು ಆಗಲೇ ಸುಲಭ. ಪದವಿ ಪ್ರಮಾಣಪತ್ರ ಅಚ್ಚಾದ ಮೇಲೆ ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಅಫಿಡವಿಟ್.